ಬಡಗಿಯ ಸಂಯುಕ್ತ ಯಂತ್ರ

ಚಳ್ಳಕೆರೆಯ ಸುತ್ತಿನ ಕೆಂಪು ನೆಲದಲ್ಲಿ ಒಂದು ಜೊತೆ ಎತ್ತುಳ್ಳ ರೈತನು ಅದೇ ಎತ್ತುಗಳಿಗೆ ಒಂದು ದಿನ ನೇಗಿಲನ್ನೂ, ಇನ್ನೊಂದು ದಿನ ಕುಂಟೆಯನ್ನೂ, ಮತ್ತೊಂದು ದಿನ ಕೂರಿಗೆಯನ್ನೂ ಹೂಡುತ್ತಿದ್ದನಷ್ಟೆ. ಸುಗ್ಗಿಯಲ್ಲಿ ಅವೇ ಎತ್ತುಗಳು ಗಾಡಿಯನ್ನು ಎಳೆಯುತ್ತಿದ್ದುವು. ಎಳೆಯುವ ಶಕ್ತಿ ಒಂದೇ, ಉಪಕರಣಗಳು ಹಲವು. ಖರ್ಚಿನ ದೃಷ್ಟಿಯಿಂದ ಇದು ಮೇಲಾದ ಏರ್ಪಾಡು. ಆದರೆ ಮಳೆ ಬಿದ್ದು ನೆಲ ಹದಕ್ಕೆ ಬಂದ ಎರಡು ಮೂರು ದಿನಗಳಲ್ಲಿ ಇದರ ಕುಂದು ತಿಳಿಯುತ್ತಿತ್ತು. ಒಂದು ಹೊಲದಲ್ಲಿ ಕುಂಟೆ ಹೊಡೆಯುತ್ತಿರುವಾಗ ಇನ್ನೊಂದರಲ್ಲಿ ಬಿತ್ತುವ ಹಾಗಿಲ್ಲ. ಹದವೋ ಯಾರಿಗಾಗಿಯೂ ಕಾಯುವುದಿಲ್ಲ.

ಈ ಎತ್ತಿನ ಲೆಕ್ಕವು ಈಗ ಬಡಗಿಯ ಕೊಟ್ಟಿಗೆಗೂ ಬಂದಿದೆ. ಒಂದೇ ಮೋಟಾರಿನಿಂದ ಹಲಗೆಯನ್ನು ಸೀಳುವ, ಅದರ ಮೈಯನ್ನು ನಯಮಾಡುವ, ತೂತು ಕೊರೆಯುವ ಸಂಯುಕ್ತ ಯಂತ್ರಗಳು ಮಾರಾಟಕ್ಕಿವೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳಿಗೆ ಉಪಕರಣಗಳಿಗೆಂದು 15,000 ರೂಪಾಯಿಗಳ ನೆರವೂ, ನೂರಕ್ಕೆ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅನಂತರ 2 ಲಕ್ಷ ರೂಪಾಯಿಗಳವರೆಗೆ ಸಾಲವೂ ಉಂಟು. ಸಾಲ ದೊರೆಯುವುದೆಂದಾಗ ಯಂತ್ರದ ಆಸೆ ಹುಟ್ಟುವುದು ಸಹಜ. ಚಳ್ಳಕೆರೆಯಲ್ಲಿಯೋ ಮೊಳಕಾಲ್ಮೂರಿನಲ್ಲಿಯೋ ಬಡಗಿಯಾಗಿರುವ ತಂದೆಯು ಕಾಲೇಜಿಗೆ ಹೋಗುವ ಮಗನನ್ನು "ಇದನ್ನು ತರೋಣವೇನಪ್ಪ?" ಎಂದು ಕೇಳಿದರೆ ಮಗನು ಏನು ಹೇಳಬೇಕು? ಅವನ ಭೌತವಿಜ್ಞಾನದ ಪುಸ್ತಕವೂ ಒಂದಿಷ್ಟು ಅಂಕಗಣಿತವೂ ಈ ಪ್ರಶ್ನೆಗೆ ಸಾಕು.

ಮರಗೆಲಸದ ಯಂತ್ರಗಳೇನೂ ಹೊಸವಲ್ಲ. ಇಂಗ್ಲೆಂಡಿನ ಸ್ಯಾಮ್ಯುಅಲ್ ಬೆಂತಮ್ ಎಂಬಾತನು 1793ರಲ್ಲಿಯೇ ಅಂಥ ಯಂತ್ರಗಳಿಗೆ ಪೇಟೆಂಟು ಪಡೆದಿದ್ದನು. ಹಲವು ಕೆಲಸಗಳ ಚಿಕ್ಕ ಯಂತ್ರವನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಹಾನ್ಸ್ ಗೋಲ್ಡ್‌ಶ್ಮಿಟ್ ಪ್ರಸಿದ್ಧನು. ಅವನ ಶಾಪ್‌ಸ್ಮಿತ್ 1947ರ ಸುಮಾರಿಗೆ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ಅದು ಮುಖ್ಯವಾಗಿ ಮನೆಯ ಮೂಲೆಯಲ್ಲಿ ಹವ್ಯಾಸಕ್ಕೆಂದು ಮರಗೆಲಸ ಮಾಡುವವರಿಗಾಗಿ ಹುಟ್ಟಿದುದೆಂಬುದನ್ನು ಮರೆಯಬಾರದು. ಹವ್ಯಾಸಿಯ ಗಂಟೆಗೆ ಬೆಲೆ ಕಟ್ಟುವವರಿಲ್ಲ. ಬಡಗಿಯ ಗಂಟೆಗೆ ಕೂಲಿಯುಂಟು.

ನಮ್ಮಲ್ಲಿ ಸಾಮಾನ್ಯವಾಗಿ ದೊರೆಯುವುದು "ರಂದಾ ಮಷೀನು" ಎಂದು ಬಡಗಿಗಳು ಕರೆಯುವ ಯಂತ್ರ. ಕಬ್ಬಿಣದ ಎರಡು ಮೇಜುಗಳ ನಡುವೆ ಒಂದು ಉರುಳೆ, ಅದರಲ್ಲಿ ಎರಡೋ ಮೂರೋ ಅಲಗುಗಳು. ಮೋಟಾರಿನ ಪಟ್ಟಿಯು ಈ ಉರುಳೆಯನ್ನು ತಿರುಗಿಸುತ್ತದೆ. ಉರುಳೆಯ ದಂಡವನ್ನೇ ಹೊರಕ್ಕೆ ಚಾಚಿ ಒಂದು ಪಕ್ಕದಲ್ಲಿ ಚಕ್ರಗರಗಸವನ್ನೂ, ದಂಡದ ತುದಿಯಲ್ಲಿ ಬೈರಿಗೆಯನ್ನೂ ಸಿಕ್ಕಿಸಿರುತ್ತಾರೆ. ಒಂದು ದಂಡ, ಮೂರು ಕೆಲಸ. ದಂಡದ ಮೇಲಿರುವುದೆಲ್ಲವೂ ಒಂದೇ ಸುತ್ತಿನ ವೇಗದಲ್ಲಿ ತಿರುಗಲೇಬೇಕು. ಆದರೆ ಮರವನ್ನು ಕತ್ತರಿಸುವುದು ಸುತ್ತುಗಳ ಸಂಖ್ಯೆಯಲ್ಲ, ಅಲಗಿನ ಅಂಚಿನ ವೇಗ. ಅದು ವ್ಯಾಸವನ್ನು ಅವಲಂಬಿಸಿದೆ.

ದಂಡವು ನಿಮಿಷಕ್ಕೆ 4,000 ಸುತ್ತು ತಿರುಗುವುದೆಂದು ಇಟ್ಟುಕೊಳ್ಳಿರಿ. ಉರುಳೆಯ ವ್ಯಾಸ 100 ಮಿಲಿಮೀಟರಾದರೆ ಅಲಗಿನ ಅಂಚು ಸೆಕೆಂಡಿಗೆ ಸುಮಾರು 21 ಮೀಟರು ಚಲಿಸುತ್ತದೆ. ಅದೇ ದಂಡದಲ್ಲಿರುವ 250 ಮಿಲಿಮೀಟರು ಗರಗಸದ ಹಲ್ಲಿನ ವೇಗ ಸುಮಾರು 52 ಮೀಟರು; 12 ಮಿಲಿಮೀಟರು ಬೈರಿಗೆಯದು ಕೇವಲ 2.5 ಮೀಟರು. ಗರಗಸಕ್ಕೆ ಈ ವೇಗ ಹಿತವಾದುದೇ. ರಂದಾಕ್ಕೆ ಸ್ವಲ್ಪ ಕಡಿಮೆಯಾಯಿತು, ನಡೆಯುತ್ತದೆ. ಆದರೆ ಅಂಗಡಿಯವನು "ದೊಡ್ಡ ಗರಗಸವೂ ಕೂರುತ್ತದೆ" ಎಂದು ಹೇಳಿ 350 ಮಿಲಿಮೀಟರಿನದನ್ನು ಹಾಕಿಸಿದರೆ ವೇಗವು 73 ಮೀಟರಿಗೆ ಏರುತ್ತದೆ. ಪ್ರತಿಯೊಂದು ಗರಗಸದ ಮೇಲೂ ಅದು ತಡೆದುಕೊಳ್ಳುವ ಗರಿಷ್ಠ ಸುತ್ತುಗಳ ಸಂಖ್ಯೆ ಅಚ್ಚಾಗಿರುತ್ತದೆ. ಅದನ್ನು ಓದದೆ ಹಾಕತಕ್ಕದ್ದಲ್ಲ. ದಪ್ಪ ಬೈರಿಗೆಗೆ ನಿಧಾನವಾದ ಸುತ್ತು ಬೇಕು. 4,000 ಸುತ್ತಿನಲ್ಲಿ ತೂತಿನೊಳಗೆ ಹೊಗೆಯೇಳುತ್ತದೆ.

ನಯಮಾಡಿದ ಮೈಯ ಗುಣವನ್ನೂ ಹೀಗೆಯೇ ಎಣಿಸಬಹುದು. ಎರಡು ಅಲಗುಗಳ ಉರುಳೆಯು ಸೆಕೆಂಡಿಗೆ 133 ಸಲ ಮರವನ್ನು ಕೆರೆಯುತ್ತದೆ. ಬಡಗಿಯು ಹಲಗೆಯನ್ನು ಸೆಕೆಂಡಿಗೆ 100 ಮಿಲಿಮೀಟರಿನಂತೆ ತಳ್ಳಿದರೆ ಪ್ರತಿ 0.75 ಮಿಲಿಮೀಟರಿಗೆ ಒಂದು ಸಣ್ಣ ಅಲೆ. ನಿಧಾನವಾಗಿ ತಳ್ಳಿದರೆ ಅಲೆಗಳು ಇನ್ನೂ ಒತ್ತಾಗಿ ಕಣ್ಣಿಗೆ ಬೀಳವು. ಹೀಗೆ ಮೈಯ ನಯವು ಯಂತ್ರದ ಬೆಲೆಗಿಂತ ತಳ್ಳುವ ಕೈಯ ತಾಳ್ಮೆಯನ್ನೇ ಹೆಚ್ಚಾಗಿ ಅವಲಂಬಿಸಿದೆ.

ಈ ಬಗೆಯ ಯಂತ್ರದ ನಿಜವಾದ ದೋಷ ಬೇರೆಯದು. ರಂದಾ ಹೊಡೆಯುತ್ತಿರುವಾಗ ಪಕ್ಕದ ಗರಗಸವೂ ಸುಮ್ಮನೆ ತಿರುಗುತ್ತಲೇ ಇರುತ್ತದೆ. ಬಡಗಿಯ ಗಮನವೆಲ್ಲ ಹಲಗೆಯ ಮೇಲೆ. ಅವನ ಮೊಣಕೈಯಿಂದ ಒಂದು ಗೇಣಿನಾಚೆ, ಕಾವಲಿಲ್ಲದೆ, ಸೆಕೆಂಡಿಗೆ 52 ಮೀಟರಿನ ಹಲ್ಲುಗಳು. ಹತ್ತಿರದಲ್ಲಿ ಮರದ ಹೊಟ್ಟು ಗುಡಿಸುವ ಹುಡುಗನಿದ್ದರೆ ಹೇಳುವುದೇ ಬೇಡ. ಬಳಸದಿರುವಾಗ ಗರಗಸವನ್ನು ಕಳಚಿಡಬಹುದಲ್ಲ ಎನ್ನುವಿರಿ. ಕಳಚಬಹುದು, ಆದರೆ ದಿನಕ್ಕೆ ಹತ್ತು ಸಲ ಕಳಚಿ ಹಾಕುವವನನ್ನು ನಾನಂತೂ ಕಂಡಿಲ್ಲ.

ಯೂರೋಪಿನ ಮಾದರಿಯ ಬೆಲೆಬಾಳುವ ಸಂಯುಕ್ತ ಯಂತ್ರಗಳಲ್ಲಿ ಈ ಅಪಾಯ ಕಡಿಮೆ. ಅವುಗಳಲ್ಲಿ ಹಲವಕ್ಕೆ ಮೂರು ಬೇರೆ ಬೇರೆ ಮೋಟಾರುಗಳಿದ್ದು, ಆರಿಸಿದುದೊಂದೇ ತಿರುಗುತ್ತದೆ. ಅಲ್ಲಿಯ ಕಷ್ಟವು ಕಾಲದ್ದು. ಮೈ ನಯಮಾಡಿದ ಹಲಗೆಯನ್ನು ಒಂದೇ ದಪ್ಪಕ್ಕೆ ತರಬೇಕಾದರೆ ಮೇಲಿನ ಮೇಜುಗಳನ್ನು ಎತ್ತಿ ಹೊರಳಿಸಿ, ಹೊಟ್ಟು ಹೀರುವ ಮೂತಿಯನ್ನು ಬದಲಿಸಿ, ಕೆಳಗಿನ ಮೇಜನ್ನು ಏರಿಸಬೇಕು. ನಾಲ್ಕೈದು ನಿಮಿಷಗಳ ಕೆಲಸ, ಅದೇನೂ ದೊಡ್ಡದಲ್ಲ. ಆದರೆ ಹಲಗೆಯನ್ನು ಆನಿಸುವ ಪಟ್ಟಿಯನ್ನು ಒಮ್ಮೆ ಸರಿಸಿದರೆ ಹಿಂದಿನ ಅಳತೆ ಹೋಯಿತು. ಬಾಗಿಲವಾಡದ ನಾಲ್ಕು ತುಂಡುಗಳಲ್ಲಿ ಒಂದು ಸೀಳಿ ಕೆಟ್ಟರೆ, ಅದೇ ಅಳತೆಯ ಐದನೆಯದನ್ನು ಮಾಡುವುದಕ್ಕೆ ಎಲ್ಲವನ್ನೂ ಮೊದಲಿನಿಂದ ಹೊಂದಿಸಬೇಕು. ಹೀಗೆ ಅಗ್ಗದ ಯಂತ್ರವು ಬಡಗಿಯ ಕೈಯನ್ನು ಒತ್ತೆಯಿಡಿಸಿಕೊಂಡರೆ, ದುಬಾರಿಯದು ಅವನ ಹೊತ್ತನ್ನು ತಿನ್ನುತ್ತದೆ.

ಇನ್ನು ವಿದ್ಯುಚ್ಛಕ್ತಿಯ ಮಾತು. 2 ಕುದುರೆಶಕ್ತಿಯ ಏಕಫೇಸಿನ ಮೋಟಾರು ಪೂರ್ಣ ಹೊರೆಯಲ್ಲಿ ಸುಮಾರು 11 ಆಂಪಿಯರು ಎಳೆಯುತ್ತದೆ; ಹೊರಡುವ ಕ್ಷಣದಲ್ಲಿ ಅದರ ಐದಾರು ಪಾಲು. ಕಂಬದಿಂದ ದೂರದಲ್ಲಿರುವ ಕೊಟ್ಟಿಗೆಗೆ ತೆಳ್ಳನೆಯ ತಂತಿಯೆಳೆದಿದ್ದರೆ, ಅಥವಾ ಸುತ್ತಿನ ಪಂಪುಗಳೆಲ್ಲ ಒಮ್ಮೆಗೇ ಹೊರಟರೆ, ಒತ್ತಡವು 230 ವೋಲ್ಟಿನಿಂದ 180ಕ್ಕೆ ಇಳಿಯಬಹುದು. ಇಂಡಕ್ಷನ್ ಮೋಟಾರಿನ ತಿರುಚುಬಲವು ಒತ್ತಡದ ವರ್ಗಕ್ಕೆ ಅನುಗುಣವಾದುದು. 180ನ್ನು 230ರಿಂದ ಭಾಗಿಸಿ ವರ್ಗ ಮಾಡಿರಿ: ಸುಮಾರು 0.61. ಒತ್ತಡವು ನೂರಕ್ಕೆ 22ರಷ್ಟು ಇಳಿದರೆ ಬಲವು ನೂರಕ್ಕೆ 39ರಷ್ಟು ಇಳಿಯಿತು! ಗಟ್ಟಿಯಾದ ಜಾಲಿಯ ಹಲಗೆಯ ನಡುವೆ ಗರಗಸ ನಿಂತುಹೋಗುವುದಕ್ಕೂ ಮೋಟಾರಿನ ಸುರುಳಿ ಸುಟ್ಟುಹೋಗುವುದಕ್ಕೂ ಇದು ಕಾರಣ. ಯಂತ್ರದ ಬೆಲೆಯನ್ನು ವಿಚಾರಿಸುವ ಮೊದಲು ಸಂಜೆಯ ಹೊತ್ತು ಕೊಟ್ಟಿಗೆಯ ವೋಲ್ಟನ್ನು ಅಳೆದು ನೋಡುವುದು ಲೇಸು.

ಈಗ ಸಾಲದ ಲೆಕ್ಕ. ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು. ವಾಚಕರು ತಮ್ಮೂರಿನ ಬೆಲೆಗಳನ್ನು ಹಾಕಿಕೊಳ್ಳಲಿ. 60,000 ರೂಪಾಯಿ ಸಾಲವನ್ನು ನೂರಕ್ಕೆ 5ರ ಬಡ್ಡಿಯಲ್ಲಿ 18 ತಿಂಗಳಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 3,470 ರೂಪಾಯಿ ಕಂತು. ವಿದ್ಯುತ್ತು, ಅಲಗು ಸಾಣೆ, ಪಟ್ಟಿ ಎಲ್ಲ ಸೇರಿ 4,000 ಎನ್ನೋಣ. ಒಂದು ಬಾಗಿಲವಾಡಕ್ಕೆ ಕೈರಂದಾದಲ್ಲಿ ನಾಲ್ಕು ಗಂಟೆ, ಯಂತ್ರದಲ್ಲಿ ಒಂದು ಗಂಟೆ ಹಿಡಿದರೆ ಉಳಿತಾಯ ಮೂರು ಗಂಟೆ. ಗಂಟೆಗೆ 100 ರೂಪಾಯಿ ಕೂಲಿಯಂತೆ 300 ರೂಪಾಯಿ. ಹಾಗಾದರೆ ತಿಂಗಳಿಗೆ 14 ಬಾಗಿಲವಾಡಗಳಾದರೆ ಮಾತ್ರ ಯಂತ್ರವು ತನ್ನ ಅನ್ನವನ್ನು ತಾನು ದುಡಿಯುತ್ತದೆ. ಐದಾರೇ ಆದರೆ ಕಂತನ್ನು ಕಟ್ಟುವುದು ಯಂತ್ರವಲ್ಲ, ಬಡಗಿಯ ತೋಳು. ಇನ್ನೊಂದು ಮಾತನ್ನು ಹೆಚ್ಚಿನವರು ಮರೆಯುತ್ತಾರೆ: ಉಳಿದ ಮೂರು ಗಂಟೆಗಳಲ್ಲಿ ಮಾಡಲು ಬೇರೆ ಕೆಲಸವಿದ್ದರೆ ಮಾತ್ರ ಅದು ಹಣ, ಇಲ್ಲದಿದ್ದರೆ ಬರಿಯ ವಿಶ್ರಾಂತಿ.

ಆದುದರಿಂದ ಊರು ಯಾವುದು, ಕೆಲಸ ಯಾವುದು ಎಂಬುದನ್ನು ನೋಡಬೇಕು. ಮೊಳಕಾಲ್ಮೂರು ರೇಷ್ಮೆ ಸೀರೆಯ ಊರು. ಅಲ್ಲಿಯ ಕೈಮಗ್ಗಗಳ ಮರದ ಭಾಗಗಳು ಸವೆಯುತ್ತಲೂ ಮುರಿಯುತ್ತಲೂ ಇರುತ್ತವೆ. ಮಗ್ಗದ ಕೆಲಸವನ್ನೇ ನಂಬಿದ ಬಡಗಿಗೆ ಬರುವುದು ಒಂದೊಂದೇ ತುಂಡು, ಒಂದೊಂದಕ್ಕೂ ಬೇರೆ ಅಳತೆ. ಲಾಳಿ ಓಡುವ ಹಲಗೆಯನ್ನು ಮಟ್ಟಸಮಾಡಲು ರಂದಾ ಯಂತ್ರ ಒಳ್ಳೆಯದೇ. ಮಿಕ್ಕುದಕ್ಕೆ ಉಳಿ, ಬಾಚಿ, ಕೈಬೈರಿಗೆಗಳು ಹೊಂದಿಸುವ ಹೊತ್ತಿನಲ್ಲಿಯೇ ಕೆಲಸ ಮುಗಿಸಿರುತ್ತವೆ. ಅವನಿಗೆ ಸಂಯುಕ್ತ ಯಂತ್ರವು ಹೊರೆಯೇ ಸರಿ ಎಂಬುದು ನನ್ನ ಅಭಿಪ್ರಾಯ. ಚಳ್ಳಕೆರೆಯಂಥ ಪೇಟೆಯಲ್ಲಿ ಮನೆಕಟ್ಟುವವರಿಂದ ಹತ್ತು ಬಾಗಿಲು, ಇಪ್ಪತ್ತು ಕಿಟಕಿಗಳ ಗುತ್ತಿಗೆ ಒಟ್ಟಿಗೆ ದೊರೆಯುವವನ ಮಾತು ಬೇರೆ. ಅವನು ಎಲ್ಲವನ್ನೂ ಮೊದಲು ಸೀಳಿ, ಎಲ್ಲದಕ್ಕೂ ರಂದಾ ಹೊಡೆದು, ಕೊನೆಗೆ ತೂತು ಕೊರೆದರೆ ಹೊಂದಿಸುವ ಹೊತ್ತು ನೂರಾರು ತುಂಡುಗಳ ಮೇಲೆ ಹಂಚಿಹೋಗುತ್ತದೆ. ನೆರೆಯ ಬಡಗಿಗಳ ಹಲಗೆಗಳನ್ನೂ ಕೂಲಿಗೆ ಹೊಡೆದುಕೊಟ್ಟರೆ ಕಂತು ಸಲೀಸು. ಪ್ಲೈವುಡ್ಡಿನ ಬೀರುಗಳನ್ನೇ ಮಾಡುವವನಿಗಾದರೋ ರಂದಾ ಬೇಕಾಗುವುದೇ ಅಪರೂಪ. ಒಳ್ಳೆಯ ಗರಗಸವೊಂದನ್ನೇ ಕೊಂಡರೆ ಸಾಕು. ದಿಮ್ಮಿ ಕೊಯ್ಯುವ ಆಸೆಯಂತೂ ಬೇಡ. ಯಂತ್ರ ಅದಕ್ಕೆ ತಕ್ಕುದಲ್ಲ, ಅರಣ್ಯ ಇಲಾಖೆಯ ಪರವಾನಗಿಯೂ ಬೇಕು.

ಕೊಳ್ಳುವುದೆಂದೇ ನಿಶ್ಚಯವಾದರೆ, ಬಣ್ಣ ನೋಡದೆ ಮೂರನ್ನು ನೋಡಿರಿ. ಗರಗಸವನ್ನು ಬಿಟ್ಟು ರಂದಾ ಒಂದನ್ನೇ ನಡೆಸುವ ಏರ್ಪಾಡಿದೆಯೆ? ಗರಗಸದ ಹಿಂದೆ, ಸೀಳಿದ ಮರವು ಮತ್ತೆ ಕೂಡಿಕೊಂಡು ಹಲ್ಲನ್ನು ಹಿಡಿಯದಂತೆ ತಡೆಯುವ ತೆಳು ಉಕ್ಕಿನ ಪಟ್ಟಿಯೂ ಮೇಲೆ ಕಾವಲೂ ಇವೆಯೆ? ಅದಿಲ್ಲದಿದ್ದರೆ ಹಲಗೆಯು ಬಡಗಿಯ ಹೊಟ್ಟೆಗೇ ಸಿಡಿಯುವುದುಂಟು. ಮೂರನೆಯದು ಮೇಜುಗಳ ಸಮತಲ. ಇದನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ಒಂದು ಮಾರುದ್ದದ ಎರಡು ಹಲಗೆಗಳ ಅಂಚುಗಳಿಗೆ ಆ ಯಂತ್ರದಲ್ಲಿಯೇ ರಂದಾ ಹೊಡೆಸಿ, ಒಂದರ ಅಂಚಿನ ಮೇಲೆ ಇನ್ನೊಂದರ ಅಂಚನ್ನು ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ಎರಡು ಅಂಚುಗಳಲ್ಲಿಯೂ ಒಂದೇ ದೋಷವಿರುವುದರಿಂದ ಅದು ಇಮ್ಮಡಿಯಾಗಿ ಕಾಣುತ್ತದೆ. ನಡುವೆ ಬೆಳಕು ಇಣುಕಿದರೆ ಅಂಚುಗಳು ಒಳಕ್ಕೆ ಬಾಗಿವೆ. ತುದಿಗಳಲ್ಲಿ ಇಣುಕಿದರೆ ನಡುವೆ ಉಬ್ಬಿವೆ. ಮೇಜನ್ನು ಸರಿಪಡಿಸಿ ಇನ್ನೊಮ್ಮೆ ಹೊಡೆದು ತೋರಿಸುವಂತೆ ಅಂಗಡಿಯವನನ್ನು ಕೇಳಿರಿ. ಹಣವನ್ನು ಆಮೇಲೆ ಎಣಿಸಬಹುದು.