ಮೇಲಿನವರಿಗೆ ಕಾಣದ್ದು, ಕೆಳಗಿನವರು ಹೇಳದ್ದು

ಕಾರ್ಖಾನೆ, ಆಸ್ಪತ್ರೆ, ಕುಟುಂಬದ ವ್ಯಾಪಾರ, ಹೀಗೆ ಬೇರೆ ಬೇರೆ ಕಡೆ ಮುಖ್ಯಸ್ಥರಾಗಿರುವವರ ಜೊತೆ ಕೂತು, ಅವರ ನಡೆನುಡಿ ಸುತ್ತಲಿನವರ ಮೇಲೆ ಏನು ಮಾಡುತ್ತಿದೆ ಎಂಬುದನ್ನು ಅವರಿಗೇ ಕಾಣಿಸಿಕೊಡುವುದು ನನ್ನ ಕೆಲಸ. ಈ ಕೆಲಸ ಮಾಡುತ್ತ ಮಾಡುತ್ತ ನನ್ನಲ್ಲಿ ಗಟ್ಟಿಯಾದ ನಂಬಿಕೆ ಒಂದೇ. ಮುಖ್ಯಸ್ಥರ ಬ್ಲೈಂಡ್ ಸ್ಪಾಟ್ ಅವರೊಬ್ಬರಿಂದಲೇ ಉಳಿದಿರುವುದಿಲ್ಲ. ಕಂಡವರು ಸುಮ್ಮನಿರುವುದರಿಂದ ಉಳಿದಿರುತ್ತದೆ. ಸುಮ್ಮನಿರುವುದಕ್ಕೆ ಅವರಿಗೆ ಕಾರಣಗಳೂ ಇರುತ್ತವೆ. ಆ ಕಾರಣಗಳ ಬೆನ್ನು ಹತ್ತಿದಾಗ ಕಲಿತದ್ದು ಇಷ್ಟು.

1. ವಿಷಯ ಆಗಲೇ ಎಲ್ಲರಿಗೂ ಗೊತ್ತಿರುತ್ತದೆ

1955ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜೋಸೆಫ್ ಲಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ನಾಲ್ಕು ಮನೆಗಳ ಒಂದು ಚೌಕ ಬರೆದರು. ಇಬ್ಬರ ಹೆಸರೂ ಸೇರಿ ಅದು ‘ಜೊಹಾರಿ ಕಿಟಕಿ’ ಎನಿಸಿಕೊಂಡಿತು. ನನಗೂ ಇತರರಿಗೂ ಗೊತ್ತಿರುವುದು ಒಂದು ಮನೆ, ನನಗೆ ಮಾತ್ರ ಗೊತ್ತಿರುವುದು ಇನ್ನೊಂದು, ಯಾರಿಗೂ ಗೊತ್ತಿಲ್ಲದ್ದು ಮತ್ತೊಂದು. ಉಳಿದದ್ದು ಇತರರಿಗೆ ಗೊತ್ತಿದ್ದು ನನಗೆ ಗೊತ್ತಿಲ್ಲದ ಮನೆ. ಬ್ಲೈಂಡ್ ಸ್ಪಾಟ್ ಇರುವುದು ಇಲ್ಲಿ.

ಅಂದರೆ ಸಂಶೋಧನೆ ಮಾಡಿ ಪತ್ತೆ ಹಚ್ಚಬೇಕಾದದ್ದು ಹೆಚ್ಚೇನೂ ಇಲ್ಲ. ಸಾಹೇಬರು ಯಾವ ಮಾತಿಗೆ ಸಿಡಿಯುತ್ತಾರೆ, ಯಾರ ಮಾತು ಮಾತ್ರ ಕೇಳುತ್ತಾರೆ, ಯಾವ ಸುದ್ದಿಯನ್ನು ಊಟದ ಮುಂಚೆ ಹೇಳಬಾರದು ಎಂಬುದೆಲ್ಲ ಕಾರಿನ ಡ್ರೈವರ್‌ಗೆ ಗೊತ್ತು, ಸ್ಟೆನೋಗೆ ಗೊತ್ತು, ಕ್ಯಾಂಟೀನಿನ ಹುಡುಗನಿಗೂ ಗೊತ್ತು. ಕೋಚ್ ಆದವರ ಕೆಲಸ ಆ ತಿಳಿವಳಿಕೆ ಮೇಲಕ್ಕೆ ಹೋಗಲು ದಾರಿ ಮಾಡಿಕೊಡುವುದು.

2. ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ, ನೋಡಿ

ಪೀಣ್ಯದ ಒಂದು ಕಾರ್ಖಾನೆಯ ಮುಖ್ಯಸ್ಥರು ಮೊದಲ ಭೇಟಿಯಲ್ಲೇ ಹೇಳಿದ್ದರು, ‘ನನ್ನ ಬಾಗಿಲು ಯಾವಾಗಲೂ ತೆರೆದಿರುತ್ತೆ. ದಿನಾ ಮೀಟಿಂಗಲ್ಲಿ ಕೇಳ್ತೀನಿ, ಯಾರೂ ಏನೂ ಹೇಳಲ್ಲ. ಅಂದ್ರೆ ಸಮಸ್ಯೆ ಇಲ್ಲ ಅಂತ ತಾನೆ?’ ಅವರು ಮನಸಾರೆ ಹಾಗೆ ನಂಬಿದ್ದರು.

ಬೆಳಗಿನ ಪ್ರೊಡಕ್ಷನ್ ಮೀಟಿಂಗಿನಲ್ಲಿ ಮೂಲೆಯ ಕುರ್ಚಿಯಲ್ಲಿ ಕೂತು ನೋಡಿದೆ. ಕೊನೆಯಲ್ಲಿ ಅವರು ಡೈರಿ ಮುಚ್ಚಿ, ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಅರ್ಧ ಎದ್ದು ನಿಂತು, ‘ಏನಾದ್ರೂ ಪ್ರಾಬ್ಲಮ್ ಇದ್ಯಾ?’ ಎಂದರು. ಎರಡು ಸೆಕೆಂಡು ಕಳೆಯಿತೋ ಇಲ್ಲವೋ, ‘ಸರಿ ಹಾಗಾದ್ರೆ’ ಎಂದು ಹೊರಟೇಬಿಟ್ಟರು. ಕ್ವಾಲಿಟಿ ವಿಭಾಗದ ಯುವ ಎಂಜಿನಿಯರ್ ಒಬ್ಬಳು ಆಗಷ್ಟೇ ಮುಂದಕ್ಕೆ ಬಾಗಿದ್ದಳು. ಮತ್ತೆ ಹಿಂದಕ್ಕೆ ಒರಗಿದಳು. ಹತ್ತು ನಿಮಿಷದ ನಂತರ ಟೀ ಹೊತ್ತಿನಲ್ಲಿ ಕಾಸ್ಟಿಂಗ್ ರಿಜೆಕ್ಷನ್ ಏಕೆ ಏರುತ್ತಿದೆ ಎಂಬುದನ್ನು ಜೊತೆಯವರಿಗೆ ಬಿಡಿಸಿ ಹೇಳುತ್ತಿದ್ದಳು. ಮೀಟಿಂಗಿಗೆ ಬೇಕಿದ್ದ ಮಾತೇ ಅದು.

ಅವರಿಗೆ ನಾನು ‘ನೀವು ಯಾರ ಮಾತೂ ಕೇಳುವುದಿಲ್ಲ’ ಎನ್ನಲಿಲ್ಲ. ಡೈರಿ, ಪೆನ್ನು, ಅರ್ಧ ಎದ್ದು ನಿಂತದ್ದು, ಎರಡು ಸೆಕೆಂಡು, ಕಂಡದ್ದನ್ನು ಕಂಡ ಹಾಗೆ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದು, ‘ಇದನ್ನ ಯಾರೂ ಹೇಳಿರಲಿಲ್ಲ’ ಎಂದರು. ಮಾರನೆಯ ವಾರದಿಂದ ಆ ಪ್ರಶ್ನೆ ಮೀಟಿಂಗಿನ ಮೊದಲಿಗೆ ಬಂತು. ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು, ಮುಖ್ಯಸ್ಥರು ಕೊನೆಗೆ. ಆ ಹುಡುಗಿಯ ಮಾತು ಮೇಜಿನ ಮೇಲೆ ಬರಲು ಇಷ್ಟೇ ಸಾಕಾಯಿತು.

3. ಸೂಚ್ಯವಾಗಿ ಹೇಳಿದ್ದು ಹೇಳಿದಂತಲ್ಲ

1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-8 ವಿಮಾನವೊಂದು ನೆಲಕ್ಕೆ ಬಿತ್ತು. ಇಳಿಯುವ ಮುನ್ನ ಚಕ್ರಗಳ ಭಾಗದಲ್ಲಿ ತೊಂದರೆ ಕಾಣಿಸಿಕೊಂಡಿತ್ತು. ಕ್ಯಾಪ್ಟನ್ ಗಮನವೆಲ್ಲ ಅದರ ಮೇಲೇ ನೆಟ್ಟಿತು. ಸುಮಾರು ಒಂದು ಗಂಟೆ ವಿಮಾನ ಆಕಾಶದಲ್ಲೇ ಸುತ್ತಿತು. ಇಂಧನ ಇಳಿಯುತ್ತಿರುವುದು ಪಕ್ಕದಲ್ಲಿದ್ದವರಿಗೆ ಕಾಣುತ್ತಿತ್ತು, ಅದರ ಮಾತನ್ನೂ ಎತ್ತಿದರು. ಆದರೆ ‘ಈಗಲೇ ಇಳಿಸಿ’ ಎಂದು ಒತ್ತಿ ಹೇಳಲಿಲ್ಲ. ಎಂಜಿನ್‌ಗಳು ಒಂದೊಂದಾಗಿ ನಿಂತವು. 189 ಜನರಲ್ಲಿ 10 ಮಂದಿ ಸತ್ತರು. ತನಿಖೆಯ ವರದಿ ಕ್ಯಾಪ್ಟನ್‌ನ ಲೋಪದ ಜೊತೆಗೆ, ಉಳಿದಿಬ್ಬರು ತಮ್ಮ ಆತಂಕವನ್ನು ಅವರಿಗೆ ಮುಟ್ಟಿಸಲು ವಿಫಲರಾದದ್ದನ್ನೂ ದಾಖಲಿಸಿತು. ಯುನೈಟೆಡ್ ಸಂಸ್ಥೆ 1981ರಲ್ಲಿ ಕಾಕ್‌ಪಿಟ್ ಸಿಬ್ಬಂದಿಗೆಲ್ಲ ಹೊಸ ತರಬೇತಿ ಶುರು ಮಾಡಿತು: ಕಿರಿಯರು ಒತ್ತಿ ಹೇಳುವುದನ್ನು ಕಲಿಯಬೇಕು, ಹಿರಿಯರು ಕೇಳಿಸಿಕೊಳ್ಳುವುದನ್ನು. ಇಂದು ವಿಮಾನಯಾನದಲ್ಲಿ ಅದು ಕಡ್ಡಾಯದ ಪಾಠ.

ನಮ್ಮ ಕಚೇರಿಗಳಲ್ಲೂ ‘ನೋಡೋಣ ಸಾರ್’, ‘ಸ್ವಲ್ಪ ಟೈಟ್ ಆಗಬಹುದು ಸಾರ್’ ಎಂಬ ಮಾತುಗಳ ಹಿಂದೆ ಎಷ್ಟೋ ಸಲ ‘ಇದು ಖಂಡಿತ ಆಗುವುದಿಲ್ಲ’ ಎಂಬುದು ಅಡಗಿರುತ್ತದೆ. ಹೇಳುವವರಿಗೆ ತಾವು ಎಚ್ಚರಿಸಿದೆವು ಎಂಬ ಸಮಾಧಾನ, ಕೇಳುವವರಿಗೆ ಒಪ್ಪಿಗೆ ಸಿಕ್ಕಿತೆಂಬ ಸಮಾಧಾನ. ಅದಕ್ಕೇ ನಾನು ಮುಖ್ಯಸ್ಥರೊಬ್ಬರ ಜೊತೆ ಮಾತ್ರ ಕೆಲಸ ಮಾಡುವುದನ್ನು ಬಿಟ್ಟೆ. ಅವರ ತಂಡದ ಜೊತೆಗೂ ಕೂರಲು ಬಿಡದಿದ್ದರೆ ಆ ಕೆಲಸ ಒಪ್ಪಿಕೊಳ್ಳುವುದಿಲ್ಲ.

4. ಫೀಡ್‌ಬ್ಯಾಕ್ ಕೆಡಿಸುವುದೂ ಉಂಟು

ಕ್ಲೂಗರ್ ಮತ್ತು ಡಿನಿಸಿ ಎಂಬ ಇಬ್ಬರು ಸಂಶೋಧಕರು 1996ರಲ್ಲಿ, ಅದುವರೆಗಿನ ನೂರಾರು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸರಾಸರಿಯಲ್ಲಿ ಫೀಡ್‌ಬ್ಯಾಕಿನಿಂದ ಕೆಲಸ ಸುಧಾರಿಸಿತ್ತು ನಿಜ; ಆದರೆ ಮೂರನೇ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಮೊದಲಿಗಿಂತ ಕೆಟ್ಟಿತ್ತು. ಮಾತು ಕೆಲಸವನ್ನು ಬಿಟ್ಟು ವ್ಯಕ್ತಿಯ ಕಡೆ ತಿರುಗಿದಷ್ಟೂ ಪರಿಣಾಮ ಕುಗ್ಗುತ್ತದೆ ಎಂಬುದು ಅವರ ವಿವರಣೆ.

‘ನಿಮಗೆ ದರ್ಪ ಜಾಸ್ತಿ’ ಎಂದರೆ ಎದುರಿನವರು ವಾದಕ್ಕೆ ನಿಲ್ಲುತ್ತಾರೆ, ನಿಲ್ಲುವುದು ಸಹಜ. ‘ಮಂಗಳವಾರ ಪರ್ಚೇಸ್‌ನವರು ಲೆಕ್ಕ ಹೇಳುವಾಗ ಎರಡು ಸಲ ನಡುವೆ ಬಾಯಿ ಹಾಕಿದಿರಿ, ಆಮೇಲೆ ಅವರು ಫೈಲು ತೆರೆಯಲೇ ಇಲ್ಲ’ ಎಂದರೆ ವಾದಕ್ಕೆ ಜಾಗವಿಲ್ಲ. ದಿನ, ಜಾಗ, ಆಡಿದ ಮಾತು, ಆದದ್ದು: ಈ ನಾಲ್ಕೂ ಇಲ್ಲದ ಫೀಡ್‌ಬ್ಯಾಕನ್ನು ನಾನು ಮುಂದಕ್ಕೆ ದಾಟಿಸುವುದಿಲ್ಲ.

5. ಫಾರಂ ತುಂಬಿಸಿದರೆ ಸಾಲದು, ಕನ್ನಡದಲ್ಲಿ ಕೇಳಿ

ಮೇಲಿನವರು, ಸಮಾನರು, ಕೈಕೆಳಗಿನವರು ಎಲ್ಲರಿಂದಲೂ ಅಭಿಪ್ರಾಯ ಪಡೆಯುವ 360 ಡಿಗ್ರಿ ಪದ್ಧತಿ ಈಗ ದೊಡ್ಡ ಸಂಸ್ಥೆಗಳಲ್ಲಿ ಸಾಮಾನ್ಯ. ಒಳ್ಳೆಯ ಸಾಧನವೇ. ಆದರೆ ಇಂಗ್ಲಿಷ್ ಫಾರಂನಲ್ಲಿ ಐದಕ್ಕೆ ನಾಲ್ಕು ಅಂಕ ಕೊಟ್ಟು, ‘ಗುಡ್ ಲೀಡರ್’ ಎಂದು ಬರೆದ ಸೂಪರ್‌ವೈಸರ್, ಸಂಜೆ ಫೋನಿನಲ್ಲಿ ಕನ್ನಡದಲ್ಲಿ ಮಾತಿಗೆ ಸಿಕ್ಕರೆ ಮುಕ್ಕಾಲು ಗಂಟೆ ಬಿಚ್ಚಿ ಹೇಳುತ್ತಾರೆ. ಅಂಕಗಳಿಗಿಂತ ಆ ಮುಕ್ಕಾಲು ಗಂಟೆಯೇ ನನಗೆ ಮುಖ್ಯ.

ಇನ್ನೆರಡು ಎಚ್ಚರ. ತಂಡದಲ್ಲಿ ಮೂರೇ ಜನ ಇದ್ದರೆ ಹೆಸರು ಮುಚ್ಚಿಟ್ಟೂ ಉಪಯೋಗವಿಲ್ಲ, ಬರವಣಿಗೆಯ ಧಾಟಿಯಲ್ಲೇ ಯಾರೆಂದು ಗೊತ್ತಾಗುತ್ತದೆ. ವರದಿ ಕೈಗೆ ಬಂದ ದಿನ ಮುಖ್ಯಸ್ಥರು ತಂಡವನ್ನು ಕರೆಯಬಾರದು. ‘ಇದನ್ನ ಬರೆದವರು ಯಾರು?’ ಎಂಬ ಪ್ರಶ್ನೆ ಇಳಿಯಲು ಒಂದು ರಾತ್ರಿಯಾದರೂ ಬೇಕು.

6. ಮೆಚ್ಚುಗೆಯ ಗುಣದ ಹಿಂದೆಯೇ ಹುಡುಕಿ

ರಜೆ ಹಾಕದೆ ದುಡಿಯುವ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರನ್ನು ಇಡೀ ಆಸ್ಪತ್ರೆ ಹೊಗಳುತ್ತದೆ. ಡ್ಯೂಟಿ ಪಟ್ಟಿ ಹಾಕುವುದನ್ನು ಅವರ ಕೈಕೆಳಗೆ ಒಬ್ಬರೂ ಕಲಿತಿಲ್ಲ ಎಂಬುದು ಆ ಹೊಗಳಿಕೆಯ ಮರೆಯಲ್ಲಿ ಉಳಿದುಬಿಡುತ್ತದೆ.

7. ಅಪ್ಪನಿಗೆ ಮಗ ಹೇಳಲಾರ, ಅಪ್ಪನೇ ಕೇಳಬೇಕು

ಕುಟುಂಬದ ವ್ಯಾಪಾರಗಳಲ್ಲಿ ಫಾರಂ, ವರದಿ ಯಾವುದೂ ನಡೆಯುವುದಿಲ್ಲ. ಹುಬ್ಬಳ್ಳಿಯ ಒಂದು ಸಗಟು ಅಂಗಡಿಯಲ್ಲಿ ತಂದೆಯವರ ದೂರು ಒಂದೇ: ಮಗ ಜವಾಬ್ದಾರಿ ತೊಗೊಳ್ಳುವುದಿಲ್ಲ. ಮಗನನ್ನು ಕೇಳಿದರೆ ತಲೆ ತಗ್ಗಿಸುತ್ತಿದ್ದ. ತಂದೆಯ ಎದುರು ತಂದೆಯ ತಪ್ಪು ಎತ್ತಿ ಆಡುವುದು ಅವನ ಸಂಸ್ಕಾರಕ್ಕೇ ವಿರುದ್ಧ. ಅದನ್ನು ನಾನು ಗೌರವಿಸುತ್ತೇನೆ.

ಅಮೆರಿಕದ ಹೆಸರಾಂತ ಕೋಚ್ ಮಾರ್ಷಲ್ ಗೋಲ್ಡ್‌ಸ್ಮಿತ್ ಹೇಳಿಕೊಡುವ ಒಂದು ವಿಧಾನ ಇಲ್ಲಿ ಕೈಹಿಡಿಯಿತು. ಕಳೆದದ್ದರ ಲೆಕ್ಕ ಕೇಳದೆ, ಮುಂದೆ ಏನು ಮಾಡಬಹುದು ಎಂದು ಸಲಹೆ ಕೇಳುವುದು. ತಂದೆಯವರಿಗೆ ಒಂದೇ ಪ್ರಶ್ನೆ ಕೊಟ್ಟೆ: ‘ಮುಂದಿನ ತಿಂಗಳು ನಾನು ಒಂದು ಬ್ಯಾರೆ ಥರಾ ಮಾಡಬೇಕು ಅಂದ್ರ, ಏನ್ ಮಾಡ್ಲಿ?’ ಅದನ್ನು ಮೊದಲು ಹಳೆಯ ಗುಮಾಸ್ತರಿಗೆ ಕೇಳಲು ಹೇಳಿದೆ. ಅವರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸುತ್ತ, ‘ಸಾವ್ಕಾರ್ರ, ಗಿರಾಕಿ ಮುಂದ ನೀವು ರೇಟ್ ಹೇಳಿಬಿಟ್ಟ ಮ್ಯಾಲೆ ಹುಡುಗಗ ಹೇಳಾಕ ಏನ್ ಉಳದಿರತೈತ್ರಿ?’ ಎಂದರು. ಮಗ ಹೇಳಲಾರದ್ದು ಆ ಒಂದು ಮಾತಿನಲ್ಲಿ ಬಂದಿತ್ತು. ತಂದೆಯವರು ಅವತ್ತಿನಿಂದ ಖರೀದಿದಾರರು ಬಂದಾಗ ಒಳಗಿನ ಗೋದಾಮಿಗೆ ಹೋಗಿ ಕೂರತೊಡಗಿದರು. ಸುಲಭವಾಗಿರಲಿಲ್ಲ, ಎರಡು ಸಲ ಎದ್ದು ಬಂದರಂತೆ. ಮಗ ಈಗ ರೇಟ್ ಮಾತಾಡುತ್ತಾನೆ.

8. ಗೊತ್ತಿದ್ದೂ ಮಾಡುವುದು ಬ್ಲೈಂಡ್ ಸ್ಪಾಟ್ ಅಲ್ಲ

ಹೆಣ್ಣುಮಕ್ಕಳ ಜೊತೆ ಅಸಭ್ಯವಾಗಿ ನಡೆದುಕೊಳ್ಳುವುದು, ಜಾತಿ ಹಿಡಿದು ಹೀಯಾಳಿಸುವುದು, ಕೆಳಗಿನವರನ್ನು ಬೇಕೆಂದೇ ಅವಮಾನಿಸುವುದು, ಇಂಥವುಗಳನ್ನು ‘ಸ್ವಲ್ಪ ಕೋಚಿಂಗ್ ಕೊಡಿಸಿ’ ಎಂದು ನನ್ನ ಬಳಿ ಕಳಿಸಿದರೆ ವಾಪಸ್ ಕಳಿಸುತ್ತೇನೆ. ಲೈಂಗಿಕ ಕಿರುಕುಳದ ದೂರಿಗೆ 2013ರ ಕಾಯ್ದೆ ಇದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ದೂರು ಹೋಗಬೇಕಾದದ್ದು ಅಲ್ಲಿಗೆ. ನೊಂದವರಿಗೆ ಸಿಗಬೇಕಾದ ನ್ಯಾಯಕ್ಕೆ ನನ್ನ ವೃತ್ತಿ ಅಡ್ಡ ನಿಲ್ಲಬಾರದು.

9. ಕೊನೆಯ ಸಲ ಹೇಳಿದವರು ಈಗ ಎಲ್ಲಿದ್ದಾರೆ?

ಈಗೀಗ ಮೊದಲ ಭೇಟಿಯಲ್ಲೇ ಕೇಳುವ ಪ್ರಶ್ನೆ ಇದು: ‘ನೀವು ಮಾಡಿದ್ದು ಸರಿಯಿಲ್ಲ ಎಂದು ನಿಮ್ಮ ಕೈಕೆಳಗಿನವರು ಕೊನೆಯ ಸಲ ಹೇಳಿದ್ದು ಯಾವಾಗ? ಅವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ?’ ಉತ್ತರ ಮುಖ್ಯಸ್ಥರಿಗೆ ನೆನಪಿರುವುದಿಲ್ಲ, ಉಳಿದವರೆಲ್ಲರಿಗೂ ನೆನಪಿರುತ್ತದೆ. ಹಾಗೆ ಹೇಳಿದವರಿಗೆ ಬಡ್ತಿ ತಪ್ಪಿತೆ, ದೂರದ ಶಾಖೆಗೆ ವರ್ಗವಾಯಿತೆ, ಇಲ್ಲವೇ ಅವರ ಸಲಹೆ ಜಾರಿಗೆ ಬಂತೆ, ಇದನ್ನು ನೋಡಿಯೇ ಎಲ್ಲರೂ ತಮ್ಮ ಬಾಯಿಗೆ ಅಳತೆ ಹಾಕಿಕೊಂಡಿರುತ್ತಾರೆ. ವರ್ಗವಾಗಿ ಹೋದವರು ಇದ್ದರೆ ಮುಖ್ಯಸ್ಥರ ಮೊದಲ ಕೆಲಸ ಅವರಿಗೆ ಫೋನ್ ಮಾಡುವುದು: ಅಂದು ಅವರು ಹೇಳಿದ್ದೇನೆಂದು ಇನ್ನೊಮ್ಮೆ ಕೇಳಿಸಿಕೊಂಡು, ಅದನ್ನು ಮುಂದಿನ ಮೀಟಿಂಗಿನಲ್ಲಿ ಅವರ ಹೆಸರು ಹೇಳಿ ಎಲ್ಲರ ಎದುರು ಓದಬೇಕು. ಇದಕ್ಕೆ ಒಪ್ಪಿದವರ ಜೊತೆ ಉಳಿದ ಕೆಲಸ ಬೇಗ ಸಾಗುತ್ತದೆ.