ಎಂಜಿಬಿ ಕೊಳ್ಳುವವರು ಮೊದಲು ಬಾಗಿಲ ಕೆಳಗೆ ನೋಡಿ

ಇಂಗ್ಲೆಂಡಿನಲ್ಲಿ ನೆಲೆಸಿ, ಕೈಗೆ ನಾಲ್ಕು ಕಾಸು ಸೇರಿದ ಮೇಲೆ ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಡುವ ನಮ್ಮವರಲ್ಲಿ ಹಲವರು ಒಂದೇ ಬಗೆಯಲ್ಲಿ ಎಡವುವುದನ್ನು ನೋಡಿದ್ದೇನೆ. ಜೂನ್ ತಿಂಗಳ ಬಿಸಿಲಿನಲ್ಲಿ ಟಾಪ್ ಇಳಿಸಿದ ಎಂಜಿಬಿಯಲ್ಲಿ ಒಂದು ಸುತ್ತು ಹೋಗಿಬರುತ್ತಾರೆ, ಅಂದೇ ಮುಂಗಡ ಕೊಡುತ್ತಾರೆ. ಬಣ್ಣ ನೋಡಿರುತ್ತಾರೆ, ಎಂಜಿನ್ ಸದ್ದು ಕೇಳಿರುತ್ತಾರೆ. ಬಗ್ಗಿ ಬಾಗಿಲ ಕೆಳಗೆ ಮಾತ್ರ ನೋಡಿರುವುದಿಲ್ಲ. ಆಮೇಲೆ ಕಾರಿಗೆ ಕೊಟ್ಟಷ್ಟೇ ಹಣ ವೆಲ್ಡಿಂಗಿಗೂ ಬೇಕಾಗುತ್ತದೆ. ಟಾಪ್ ತೆರೆಯುವ ಕಾರೋ, ಮುಚ್ಚಿದ ಕೂಪೆಯೋ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಅಲ್ಲೇ.

ಹಿನ್ನೆಲೆ ಚುಟುಕಾಗಿ: ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ತಯಾರಾಯಿತು. ಒಟ್ಟು ಐದು ಲಕ್ಷಕ್ಕೂ ಹೆಚ್ಚು ಕಾರುಗಳು. ಮೊದಲು ಬಂದದ್ದು ಬಟ್ಟೆಯ ಟಾಪಿನ ರೋಡ್‌ಸ್ಟರ್. 1965ರಲ್ಲಿ ಇಟಲಿಯ ಪಿನಿನ್‌ಫಾರಿನಾ ಕೈಯಾಡಿಸಿದ ಉಕ್ಕಿನ ಛಾವಣಿಯ ಜಿಟಿ ಬಂತು. ಎರಡಕ್ಕೂ ಅದೇ 1798 ಸಿಸಿ ಎಂಜಿನ್. ಜಿಟಿ ಸುಮಾರು ನೂರು ಕಿಲೊ ಹೆಚ್ಚು ಭಾರ, ಹಾಗಾಗಿ ಹೊರಡುವಾಗ ತುಸು ನಿಧಾನ. ಬಿಡಿಭಾಗಗಳು ಇಂದಿಗೂ ಧಾರಾಳವಾಗಿ ಸಿಗುತ್ತವೆ, ಅದಕ್ಕೇ ಹೊಸಬರಿಗೆ ಈ ಕಾರನ್ನು ಹೇಳುತ್ತೇನೆ. ಒಂದೇ ಸ್ಥಿತಿಯಲ್ಲಿರುವ ಎರಡು ಕಾರುಗಳಲ್ಲಿ ಸಾಮಾನ್ಯವಾಗಿ ರೋಡ್‌ಸ್ಟರ್‌ಗೇ ಬೆಲೆ ಜಾಸ್ತಿ.

ಮನೆಯಲ್ಲೇ ಮುಗಿಸಬೇಕಾದ ಕೆಲಸ

ಕಾರು ಎಲ್ಲಿ ನಿಲ್ಲುತ್ತದೆ ಎಂದು ಮೊದಲು ಬರೆದಿಟ್ಟುಕೊಳ್ಳಿ. ಗ್ಯಾರೇಜಿದ್ದರೆ ಯಾವುದಾದರೂ ಸರಿ. ರಸ್ತೆಬದಿಯೇ ಗತಿಯಾದರೆ ರೋಡ್‌ಸ್ಟರ್ ಆಸೆ ಬಿಡಿ. ಬಟ್ಟೆಯ ಟಾಪಿಗೆ ಒಂದು ಚಾಕು ಸಾಕು, ಇಂಗ್ಲೆಂಡಿನ ತೇವಕ್ಕೆ ಚಾಕುವೂ ಬೇಡ.

ಮಕ್ಕಳಿದ್ದರೆ ಇದನ್ನೂ ಗಮನಿಸಿ. ರೋಡ್‌ಸ್ಟರ್‌ನಲ್ಲಿ ಇರುವುದು ಎರಡೇ ಸೀಟು. ಜಿಟಿಯ ಹಿಂದಿನ ಸೀಟು ಚಿಕ್ಕ ಮಕ್ಕಳಿಗಷ್ಟೇ ಆಗುತ್ತದೆ. ಬ್ರಿಟನ್ನಿನ ಕಾನೂನಿನಂತೆ, ಸೀಟ್ ಬೆಲ್ಟ್ ಇಲ್ಲದ ಹಳೆಯ ಕಾರಿನಲ್ಲಿ ಮೂರು ವರ್ಷದೊಳಗಿನ ಮಗುವನ್ನು ಕೂರಿಸುವಂತಿಲ್ಲ. ಮಾರುವವರಿಗೆ ಫೋನ್ ಮಾಡಿದಾಗಲೇ ಹಿಂದೆ ಬೆಲ್ಟ್ ಹಾಕಿಸಿದ್ದಾರೆಯೇ ಕೇಳಿ.

ಆಮೇಲೆ ನೋಂದಣಿ ನಂಬರ್ ಹಾಕಿ ಬ್ರಿಟನ್ನಿನ ಸರ್ಕಾರಿ ಜಾಲತಾಣದಲ್ಲಿ ಕಾರಿನ ಎಂಓಟಿ (ವಾರ್ಷಿಕ ಸುರಕ್ಷತಾ ತಪಾಸಣೆ) ಇತಿಹಾಸ ನೋಡಿ, ಅದು ಉಚಿತ. ಅಲ್ಲಿ ತುಕ್ಕಿನ ಮಾತು ಎಷ್ಟು ಸಲ ಬಂದಿದೆ ಎಣಿಸಿ. 40 ವರ್ಷ ದಾಟಿದ ಕಾರಿಗೆ ಎಂಓಟಿ ಕಡ್ಡಾಯವಲ್ಲ, ಹಾಗಾಗಿ ಎಷ್ಟೋ ಕಾರುಗಳ ಅಡಿಭಾಗವನ್ನು ವರ್ಷಗಟ್ಟಲೆ ಯಾರೂ ನೋಡಿರುವುದಿಲ್ಲ. ಮಾರುವವರು ಹೊಸದಾಗಿ ಒಂದು ಎಂಓಟಿ ಮಾಡಿಸಿಕೊಡಲಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಕೊಂಡ ಮೇಲೂ ವರ್ಷಕ್ಕೊಮ್ಮೆ ಮಾಡಿಸಿ. ಕಡ್ಡಾಯವಲ್ಲದ್ದನ್ನು ಬಿಟ್ಟುಬಿಡುವುದು ಇಂಥ ಕಾರಿನಲ್ಲಿ ಜೀವದ ಜೊತೆ ಆಟ.

ಸಿಲ್ ಪರೀಕ್ಷೆ

ಇದೊಂದನ್ನು ದಯವಿಟ್ಟು ಎರಡು ಸಲ ಓದಿ. ಎಂಜಿಬಿಗೆ ಲಾರಿಗಿರುವಂತೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಬಾಗಿಲ ಕೆಳಗೆ, ಮುಂದಿನ ಚಕ್ರದ ಹಿಂದಿನಿಂದ ಹಿಂದಿನ ಚಕ್ರದವರೆಗೆ ಹೋಗುವ ಉಕ್ಕಿನ ಟೊಳ್ಳು ತೊಲೆಗೆ ಸಿಲ್ ಎನ್ನುತ್ತಾರೆ. ಮುಚ್ಚಳ ತೆಗೆದ ರಟ್ಟಿನ ಪೆಟ್ಟಿಗೆ ಹೇಗೆ ಸುಲಭವಾಗಿ ತಿರುಚಿಕೊಳ್ಳುತ್ತದೋ ಛಾವಣಿಯಿಲ್ಲದ ಕಾರೂ ಹಾಗೆಯೇ. ಆ ಕೊರತೆಯನ್ನೆಲ್ಲ ರೋಡ್‌ಸ್ಟರ್‌ನಲ್ಲಿ ಹೊರುವುದು ಈ ಸಿಲ್. ಮುಂದಿನ ಚಕ್ರ ಎರಚುವ ಕೆಸರು ಅದರ ಮುಂತುದಿಯಲ್ಲೇ ಕೂಡಿಕೊಳ್ಳುತ್ತದೆ, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪೂ ಅದರ ಜೊತೆ ಸೇರುತ್ತದೆ. ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಪದರ ಹೋಗಿರುತ್ತದೆ.

ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಬಾಗಿಲಿನ ಹಿಂಬದಿಯ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇದೆಯೇ ನೋಡಿ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಬಾಡಿ ನಡುವೆ ಕುಸಿದಿದೆ. ಆಮೇಲೆ ಸಿಲ್ ಬಳಿಯ ಜಾಕಿಂಗ್ ಪಾಯಿಂಟಿನಲ್ಲಿ ಜಾಕ್ ಕೊಟ್ಟು ಒಂದು ಬದಿ ಎತ್ತಲು ಮಾರುವವರಿಗೇ ಹೇಳಿ. ನೀವು ಎತ್ತಬೇಡಿ, ಕೈಕಾಲು ಕಾರಿನ ಕೆಳಗೆ ಹಾಕಬೇಡಿ. ಕೊಳೆತ ಪಾಯಿಂಟು ಜಾಕಿನ ಸಮೇತ ಒಳಗೆ ನುಗ್ಗಿಬಿಡುತ್ತದೆ. ಎತ್ತಿರುವಾಗಲೇ ಬಾಗಿಲು ತೆರೆದು ಮುಚ್ಚಿ. ಸಂದು ಕಣ್ಣಿಗೆ ಕಾಣುವಷ್ಟು ಬದಲಾದರೆ, ಬಾಗಿಲು ಕಚ್ಚಿಕೊಂಡರೆ, ಚಿಲಕ ಕೂರದಿದ್ದರೆ ನಮಸ್ಕಾರ ಹೇಳಿ ಹೊರಡಿ. ಎತ್ತುವುದಕ್ಕೇ ಒಪ್ಪದಿದ್ದರೂ ಹೊರಡಿ.

ಎಚ್ಚರ: ಈ ಪರೀಕ್ಷೆ ಜಿಟಿಗೆ ಸಾಲದು. ಛಾವಣಿ ಬಾಡಿಯನ್ನು ಬಿಗಿಯಾಗಿ ಹಿಡಿದಿರುವುದರಿಂದ ಸಿಲ್ ಪೂರ್ತಿ ಕೊಳೆತಿದ್ದರೂ ಜಿಟಿಯ ಬಾಗಿಲು ಚೆನ್ನಾಗಿಯೇ ಮುಚ್ಚುತ್ತದೆ. "ಬಾಗಿಲು ನೋಡಿದೆ, ಸರಿಯಾಗಿತ್ತು" ಎಂದು ಜಿಟಿ ಕೊಂಡು ಕೈಸುಟ್ಟುಕೊಂಡವರು ಇದ್ದಾರೆ. ಆದ್ದರಿಂದ ಯಾವ ಕಾರಾದರೂ ಕಾರ್ಪೆಟ್ ಎತ್ತಿ ನೆಲದ ಅಂಚು ನೋಡಿ. ಸಿಲ್ ಮೇಲೆ ಸಣ್ಣ ಮ್ಯಾಗ್ನೆಟ್ ಓಡಿಸಿ, ಅದು ಹಿಡಿಯದ ಕಡೆ ಇರುವುದು ಪುಟ್ಟಿ. ಸಿಲ್ಲಿನ ತಳದ ಅಂಚಿನಲ್ಲಿ ಕೋಟೆಯ ತೆನೆಗಳಂತೆ ಬಿಟ್ಟುಬಿಟ್ಟು ಸಂದುಗಳಿರಬೇಕು, ನೀರು ಇಳಿಯುವುದು ಅಲ್ಲಿಂದ. ಸಂದುಗಳೇ ಇಲ್ಲದೆ ಕಪ್ಪು ಟಾರಿನಂಥ ಲೇಪ ನುಣ್ಣಗೆ ಬಳಿದಿದ್ದರೆ ಹಳೆಯ ತುಕ್ಕಿನ ಮೇಲೆ ಹೊಸ ತಗಡು ಹೊದಿಸಿದ್ದಾರೆ ಎಂದೇ ತಿಳಿಯಿರಿ. ಸಿಲ್ಲನ್ನು ಸರಿಯಾಗಿ ಬದಲಿಸಬೇಕಾದರೆ ಮುಂದಿನ, ಹಿಂದಿನ ಮಡ್‌ಗಾರ್ಡ್‌ಗಳ ಕೆಳತುದಿಯನ್ನೂ ಕತ್ತರಿಸಬೇಕಾಗುತ್ತದೆ. ಆ ಕೆಲಸದ ಫೋಟೊ, ಬಿಲ್ಲು ಕೇಳಿ.

ರೋಡ್‌ಸ್ಟರ್‌ನ ಸಿಲ್ ಕತ್ತರಿಸುವ ಮುನ್ನ ಬಾಗಿಲ ಚೌಕಕ್ಕೆ ಅಡ್ಡಪಟ್ಟಿ ವೆಲ್ಡ್ ಮಾಡಿ ಬಿಗಿಯಬೇಕು. ಬಿಗಿಯದೆ ಕತ್ತರಿಸಿದರೆ ಕುಸಿದ ಆಕಾರದಲ್ಲೇ ಹೊಸ ಸಿಲ್ ಕೂತುಬಿಡುತ್ತದೆ, ಆಮೇಲೆ ಬಾಗಿಲು ಜನ್ಮದಲ್ಲಿ ಸರಿಹೋಗದು. ಸಿಲ್ ಬದಲಿಸುವ ಗ್ಯಾರೇಜಿನವರನ್ನು ಹೇಗೆ ಬಿಗಿಯುತ್ತೀರಿ ಎಂದು ಕೇಳಿ, ಉತ್ತರಿಸಲು ತಡವರಿಸಿದರೆ ಕಾರನ್ನು ಅಲ್ಲಿ ಬಿಡಬೇಡಿ.

ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಿಂದ ಎಂಜಿಬಿಗೆ ಹೊಸ ಬಾಡಿಯನ್ನೇ ಮಾಡಿಕೊಡುತ್ತಿದೆ. ಅಂಥ ಬಾಡಿ ಹಾಕಿಸಿದ ಕಾರನ್ನು "ಅಸಲಿ ಅಲ್ಲ" ಎಂದು ಮೂಗು ಮುರಿಯುವವರಿದ್ದಾರೆ. ಓಡಿಸಲು ಕೊಳ್ಳುವವರಿಗೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ, ಕಾಗದಪತ್ರ ಇರಬೇಕು ಅಷ್ಟೆ.

ಟಾಪ್ ಮತ್ತು ಛಾವಣಿ

ರೋಡ್‌ಸ್ಟರ್‌ನ ಟಾಪನ್ನು ನಿಮ್ಮ ಕೈಯಲ್ಲೇ ಒಮ್ಮೆ ಏರಿಸಿ, ಇಳಿಸಿ. ಹೊಲಿಗೆ ಬಿಚ್ಚಿದೆಯೇ, ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿಯಾಗಿದೆಯೇ ನೋಡಿ. ಒದ್ದೆಯಿದ್ದಾಗ ಟಾಪ್ ಮಡಚಿಡಬೇಡಿ, ಬೂಷ್ಟು ಹಿಡಿಯುತ್ತದೆ. ಚಳಿಯಲ್ಲಿ ಮಡಚಿದರೆ ಕಿಟಕಿ ಸೀಳುತ್ತದೆ. ಮಡಚುವಾಗ ಕಿಟಕಿಯ ಮೇಲೆ ಮೆತ್ತನೆಯ ಟವೆಲ್ ಹಾಸಿ.

ಜಿಟಿಯಲ್ಲಾದರೆ ಡಿಕ್ಕಿ ಬಾಗಿಲಿನ ಕೆಳ ಅಂಚು, ಮುಂದಿನ ಗಾಜಿನ ಕೆಳಮೂಲೆ, ಸನ್‌ರೂಫ್ ಹಾಕಿಸಿದ್ದರೆ ಅದರ ಸುತ್ತ ಕಲೆ ನೋಡಿ.

ಕೊನೆಗೆ ಚಾಸಿ ನಂಬರ್. ಆರಂಭದಲ್ಲಿ ಜಿಎಚ್‌ಎನ್ ಇದ್ದರೆ ರೋಡ್‌ಸ್ಟರ್, ಜಿಎಚ್‌ಡಿ ಇದ್ದರೆ ಜಿಟಿ. ನಂಬರಿಗೂ ಬಾಡಿಗೂ ತಾಳೆಯಾಗದಿದ್ದರೆ ಮಾತುಕತೆ ಮುಂದುವರಿಸಬೇಡಿ. 1973ರಿಂದ 1976ರವರೆಗೆ ಬಂದ ವಿ8 ಮಾದರಿಯ ನಂಬರ್ ಬೇರೆ. ಕಾರ್ಖಾನೆ ಅದನ್ನು ಜಿಟಿಯಾಗಿ ಮಾತ್ರ ಮಾರಿತು, ಆದ್ದರಿಂದ ಆ ವರ್ಷಗಳ ವಿ8 ರೋಡ್‌ಸ್ಟರ್ ಎಂದು ಯಾರಾದರೂ ತೋರಿಸಿದರೆ ಅದು ಆಮೇಲೆ ಯಾರೋ ಮಾಡಿಸಿಕೊಂಡದ್ದು.

ನನ್ನನ್ನು ಕೇಳಿದರೆ, ಇದು ಮೊದಲ ಹಳೆಯ ಕಾರು, ಗ್ಯಾರೇಜ್ ಇಲ್ಲ, ವರ್ಷವಿಡೀ ಓಡಿಸುವ ಆಸೆ ಎನ್ನುವವರು ಜಿಟಿಯನ್ನೇ ಕೊಳ್ಳಲಿ. ರೋಡ್‌ಸ್ಟರ್ ಕೊಳ್ಳದೆ ಉಳಿದ ಹಣ ತುಕ್ಕು ತಡೆಯುವ ಮೇಣಕ್ಕೆ ಹೋಗಲಿ.

ಊರಿಗೆ ತರುವ ಯೋಚನೆ ಇರುವವರಿಗೆ ಎರಡೇ ಮಾತು. 2021ರ ನಿಯಮದಂತೆ 50 ವರ್ಷ ದಾಟಿದ ಕಾರನ್ನು ನಮ್ಮಲ್ಲಿ ವಿಂಟೇಜ್ ಎಂದು ವಿಎ ಸರಣಿಯಲ್ಲಿ ನೋಂದಾಯಿಸಬಹುದು. ಶುಲ್ಕ ₹20,000, ಅವಧಿ 10 ವರ್ಷ, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆಮದು ಸುಂಕ ಕಾರಿನ ಬೆಲೆಯನ್ನೇ ಮೀರಬಹುದು, ಹಡಗಿಗೆ ಹತ್ತಿಸುವ ಮೊದಲು ಲೆಕ್ಕವನ್ನು ಕಸ್ಟಮ್ಸ್ ಏಜೆಂಟರಿಂದ ಬರಹದಲ್ಲೇ ಪಡೆಯಿರಿ.