ಫಿಲ್ಲರ್ ಹೆಚ್ಚುಕಮ್ಮಿ ಆಯಿತೇ? ಸರಿಪಡಿಸಲು ಏಳು ಹೆಜ್ಜೆ

2025ರ ಜುಲೈನಲ್ಲಿ ನಟಿ ಉರ್ಫಿ ಜಾವೇದ್ ತಮ್ಮ ತುಟಿಯ ಫಿಲ್ಲರ್ (ತುಂಬಿ ಕಾಣಲೆಂದು ಚರ್ಮದಡಿ ಚುಚ್ಚುವ ವಸ್ತು) ಕರಗಿಸಿಕೊಂಡ ವಿಡಿಯೊವನ್ನು ಇನ್‌ಸ್ಟಾಗ್ರಾಂನಲ್ಲಿ ಹಂಚಿಕೊಂಡರು. ಕೆಂಪಾಗಿ ಊದಿಕೊಂಡಿದ್ದ ಆ ಮುಖ ನೋಡಿದವರಿಗೆ ಎರಡು ವಿಷಯ ಮನದಟ್ಟಾಗಿರಬೇಕು. ಸರಿಬಾರದ ಫಿಲ್ಲರ್ ತೆಗೆಸಲು ದಾರಿ ಇದೆ. ತೆಗೆಸುವುದೂ ನೋವು, ಊತ, ಖರ್ಚು ಇರುವ ಚಿಕಿತ್ಸೆಯೇ.

ತುಟಿಯ ಒಂದು ಬದಿ ದಪ್ಪ, ಕಣ್ಣಡಿಯಲ್ಲಿ ನೀಲಿ ಛಾಯೆ, ಕೆನ್ನೆಯಲ್ಲಿ ಕೈಗೆ ಸಿಗುವ ಗಂಟು. ಇಂಥ ತೊಂದರೆಗಳಲ್ಲಿ ಬಹುಪಾಲು ಸರಿಹೋಗುತ್ತವೆ. ಆದರೆ ಎಲ್ಲಿ ಕಾಯಬೇಕು, ಎಲ್ಲಿ ಒಂದು ನಿಮಿಷವೂ ಕಾಯಬಾರದು ಎಂಬುದು ಗೊತ್ತಿರಬೇಕು.

1. ಮೊದಲು ಇದು ತುರ್ತೇ ಎಂದು ನೋಡಿ

ಫಿಲ್ಲರ್ ರಕ್ತನಾಳದೊಳಗೆ ಸೇರಿದರೆ ಅಥವಾ ನಾಳವನ್ನು ಹೊರಗಿನಿಂದ ಒತ್ತಿದರೆ ಆ ಭಾಗಕ್ಕೆ ರಕ್ತ ಹರಿಯುವುದಿಲ್ಲ. ಹೆಚ್ಚುತ್ತಲೇ ಹೋಗುವ ನೋವು, ಬಿಳಿಚಿಕೊಂಡ ಚರ್ಮ, ಬಲೆ ಹರಡಿದಂತೆ ಕಾಣುವ ನೇರಳೆ ಗೆರೆಗಳು, ಮುಟ್ಟಿದರೆ ತಣ್ಣಗಿರುವುದು ಇದರ ಲಕ್ಷಣಗಳು. ಹಲವು ಫಿಲ್ಲರ್‌ಗಳಲ್ಲಿ ಮರಗಟ್ಟಿಸುವ ಔಷಧವೂ ಬೆರೆತಿರುವುದರಿಂದ ಮೊದಲ ಕೆಲವು ಗಂಟೆ ನೋವು ಗೊತ್ತಾಗದೆಯೂ ಇರಬಹುದು.

ಅನುಮಾನ ಬಂದರೆ ಆ ಜಾಗವನ್ನು ಬೆರಳ ತುದಿಯಿಂದ ಐದು ಸೆಕೆಂಡ್ ಒತ್ತಿ ಬಿಡಿ. ಮುಖದ ಇನ್ನೊಂದು ಬದಿಯಲ್ಲೂ ಹಾಗೆಯೇ ಮಾಡಿ. ಒತ್ತಿದಾಗ ಮಾಸಿದ ಬಣ್ಣ ಒಂದೆರಡು ಸೆಕೆಂಡಿನಲ್ಲಿ ಮರಳಬೇಕು. ಒಂದು ಬದಿಯಲ್ಲಿ ತಡವಾದರೆ ಇಂಜೆಕ್ಷನ್ ಕೊಟ್ಟ ವೈದ್ಯರಿಗೆ ಆಗಲೇ ಫೋನ್ ಮಾಡಿ ಹೊರಡಿ. ಕಪ್ಪು ಮೈಬಣ್ಣದವರಲ್ಲಿ ಬಿಳಿಚಿಕೊಂಡದ್ದು ಸುಲಭಕ್ಕೆ ಕಾಣುವುದಿಲ್ಲ. ಹಾಗಾಗಿ ಪರೀಕ್ಷೆ ಸರಿಯಾಗಿದೆ ಎನಿಸಿದರೂ ನೋವು ಏರುತ್ತಿದ್ದರೆ ಹೋಗಲೇಬೇಕು.

ಕಣ್ಣು ಮಂಜಾದರೆ, ಒಂದು ಕಣ್ಣು ಕಾಣದಾದರೆ, ರೆಪ್ಪೆ ಜೋತುಬಿದ್ದರೆ ಅಥವಾ ಮಾತು ತೊದಲಿದರೆ 108ಕ್ಕೆ ಕರೆ ಮಾಡಿ, ಕಣ್ಣಿನ ವಿಭಾಗವಿರುವ ದೊಡ್ಡ ಆಸ್ಪತ್ರೆಗೆ ಹೋಗಿ. ರಕ್ತ ಸಿಗದ ಅಕ್ಷಿಪಟಲ ಉಳಿಯುವುದು ನಿಮಿಷಗಳ ಲೆಕ್ಕದಲ್ಲಿ.

2. ತುರ್ತು ಅಲ್ಲವೆಂದರೆ ಎರಡು ವಾರ ತಾಳಿ

ಸೂಜಿ ಚುಚ್ಚಿದ ಮೇಲೆ ಊತ, ಕಂದುಗಟ್ಟುವುದು, ಸಣ್ಣ ಉಬ್ಬುತಗ್ಗು ಸಾಮಾನ್ಯ. ತುಟಿಯಂತೂ ಮೊದಲ ಎರಡು ಮೂರು ದಿನ ಲೆಕ್ಕಕ್ಕಿಂತ ದಪ್ಪ ಕಾಣುತ್ತದೆ. ಫಲಿತಾಂಶ ಹೇಗಿದೆ ಎಂದು ಎರಡು ವಾರ ಕಳೆದ ಮೇಲೆ ತೀರ್ಮಾನಿಸಿ. ಅಲ್ಲಿಯವರೆಗೆ ದಿನವೂ ಒಂದೇ ಬೆಳಕಿನಲ್ಲಿ, ನೇರದಿಂದ ಮತ್ತು ಎರಡೂ ಪಕ್ಕದಿಂದ ಫೋಟೊ ತೆಗೆದಿಡಿ. ವೈದ್ಯರು ಹೇಳದೆ ಗಂಟನ್ನು ತಿಕ್ಕುವುದು, ಹಿಸುಕುವುದು ಬೇಡ.

3. ಒಳಗಿರುವುದು ಯಾವ ಫಿಲ್ಲರ್ ಎಂದು ಪತ್ತೆಹಚ್ಚಿ

ಮುಂದಿನ ದಾರಿಯೆಲ್ಲ ಇದರ ಮೇಲೆ ನಿಂತಿದೆ. ಜುವಿಡರ್ಮ್, ರೆಸ್ಟಿಲೇನ್‌ನಂಥವು ಹಯಲುರಾನಿಕ್ ಆಮ್ಲದ ಫಿಲ್ಲರ್‌ಗಳು. ಇವನ್ನು ಇಂಜೆಕ್ಷನ್‌ನಿಂದ ಕರಗಿಸಬಹುದು. ಕ್ಯಾಲ್ಸಿಯಂ ಹೈಡ್ರಾಕ್ಸಿಲ್ ಅಪಟೈಟ್ ಇರುವ ರೇಡಿಯೆಸ್, ಪಾಲಿಲ್ಯಾಕ್ಟಿಕ್ ಆಮ್ಲದ ಸ್ಕಲ್ಪ್‌ಟ್ರಾ ಹೀಗೆ ಕರಗುವುದಿಲ್ಲ. ಪಿಎಂಎಂಎ ಮತ್ತು ದ್ರವ ಸಿಲಿಕೋನ್ ಶಾಶ್ವತವಾಗಿ ಉಳಿಯುವಂಥವು.

ಅಸಲಿ ಫಿಲ್ಲರ್ ಸಿರಿಂಜಿನ ಜೊತೆ ಹೆಸರು, ಲಾಟ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರುವ ಚಿಕ್ಕ ಸ್ಟಿಕ್ಕರ್ ಬರುತ್ತದೆ. ಅದನ್ನು ನಿಮ್ಮ ಫೈಲಿಗೆ ಅಂಟಿಸಿದ್ದಾರೆಯೇ ಕೇಳಿ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳಂತೆ, ರೋಗಿ ಕೇಳಿದ 72 ಗಂಟೆಯೊಳಗೆ ವೈದ್ಯರು ದಾಖಲೆ ಕೊಡಬೇಕು. ಮುಲಾಜಿಲ್ಲದೆ ಬರವಣಿಗೆಯಲ್ಲಿ ಕೇಳಿ. ದಾಖಲೆಯೇ ಇಲ್ಲದಿದ್ದರೆ ಚರ್ಮದ ಅಲ್ಟ್ರಾಸೌಂಡ್‌ನಿಂದ ಫಿಲ್ಲರ್ ಎಲ್ಲಿದೆ, ಯಾವ ಬಗೆಯದು ಎಂದು ಅನುಭವಿ ವೈದ್ಯರು ಬಹುಮಟ್ಟಿಗೆ ಹೇಳಬಲ್ಲರು.

4. ಸರಿಯಾದ ವೈದ್ಯರ ಹತ್ತಿರ ಹೋಗಿ

ತಪ್ಪಾದದ್ದನ್ನು ಸರಿಮಾಡಲು ಹೊಸದಾಗಿ ಹಾಕುವುದಕ್ಕಿಂತ ಹೆಚ್ಚಿನ ಕೈಚಳಕ ಬೇಕು. ಎಂ.ಡಿ. ಮಾಡಿದ ಚರ್ಮತಜ್ಞರನ್ನು ಅಥವಾ ಎಂ.ಸಿಎಚ್. ಮಾಡಿದ ಪ್ಲಾಸ್ಟಿಕ್ ಸರ್ಜನ್ ಅವರನ್ನು ಕಾಣಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ, ಕ್ಲಿನಿಕ್ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ನೋಡಿ. ಬ್ಯೂಟಿ ಪಾರ್ಲರ್‌ನಲ್ಲಿ ಆದ ಎಡವಟ್ಟನ್ನು ಮತ್ತೊಂದು ಪಾರ್ಲರ್‌ನಲ್ಲಿ ಸರಿಮಾಡಿಸಲು ಹೋಗಬೇಡಿ.

ಒಂದು ಬದಿ ದಪ್ಪವಾಗಿದೆಯೆಂದು ಇನ್ನೊಂದು ಬದಿಗೂ ತುಂಬಿ ಸಮ ಮಾಡೋಣ ಎಂದರೆ ಒಪ್ಪುವ ಮುನ್ನ ಯೋಚಿಸಿ. ಫಿಲ್ಲರ್ ನಿಜಕ್ಕೂ ಕಡಿಮೆ ಬಿದ್ದಿದ್ದರೆ ಅದು ಸರಿ. ತಪ್ಪು ಜಾಗದಲ್ಲಿ ಕುಳಿತಿದ್ದರೆ ಮೇಲೆ ಮೇಲೆ ತುಂಬುವುದು ಗಾಯದ ಮೇಲೆ ಬರೆ ಎಳೆದಂತೆ.

5. ಕರಗಿಸುವ ದಿನ ಏನಾಗುತ್ತದೆ

ಹಯಲುರಾನಿಕ್ ಫಿಲ್ಲರ್ ಕರಗಿಸುವುದು ಹಯಲುರೋನಿಡೇಸ್ ಎಂಬ ಕಿಣ್ವ. ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆ ಬೇಗ ಹರಡಲೆಂದು ಬಹುಕಾಲದಿಂದ ಬಳಕೆಯಲ್ಲಿರುವ ಔಷಧ ಇದು. 1500 ಯೂನಿಟ್‌ನ ಸಣ್ಣ ಬಾಟಲಿಯಲ್ಲಿ ಬಿಳಿ ಪುಡಿಯಾಗಿ ಬರುತ್ತದೆ. ವೈದ್ಯರು ಅದಕ್ಕೆ ಸಲೈನ್ ಬೆರೆಸಿ, ಬೇಕಾದಷ್ಟನ್ನು ಮಾತ್ರ ತೆಳು ಸೂಜಿಯಿಂದ ಹಾಕುತ್ತಾರೆ. ಚುರುಚುರು ಉರಿ, ಒಂದೆರಡು ದಿನದ ಊತ ಇದ್ದದ್ದೇ. ಕರಗುವುದು ಕೆಲವೇ ಗಂಟೆಗಳಲ್ಲಿ ತಿಳಿಯುತ್ತದೆ. ಒಂದೆರಡು ದಿನದಲ್ಲಿ ಬಹುಪಾಲು ಮುಗಿಯುತ್ತದೆ. ಕೆಲವೊಮ್ಮೆ ಇನ್ನೊಂದು ಸುತ್ತು ಬೇಕಾಗಬಹುದು.

ಈ ಕಿಣ್ವ ಕೆಲಸಕ್ಕೆ ಬರುವುದಕ್ಕೆ ಕಣ್ಣಡಿಯ ನೀಲಿ ಛಾಯೆ ಒಳ್ಳೆಯ ಉದಾಹರಣೆ. ತೆಳು ಚರ್ಮದಡಿ ಮೇಲ್ಪದರದಲ್ಲೇ ಕುಳಿತ ಫಿಲ್ಲರ್ ಬೆಳಕನ್ನು ಚದುರಿಸುವುದರಿಂದ ನೀಲಿ ಕಾಣುತ್ತದೆ. ಇದಕ್ಕೆ ಟಿಂಡಾಲ್ ಪರಿಣಾಮ ಎನ್ನುತ್ತಾರೆ. ಯಾವ ಕ್ರೀಮೂ ಇದನ್ನು ತೆಗೆಯದು, ಅಲ್ಪ ಪ್ರಮಾಣದ ಕಿಣ್ವ ತೆಗೆಯುತ್ತದೆ.

ವೈದ್ಯರಿಗೆ ತಪ್ಪದೆ ಹೇಳಬೇಕಾದ ಮಾತೊಂದಿದೆ. ಜೇನುನೊಣ ಅಥವಾ ಕಣಜ ಕಚ್ಚಿ ಹಿಂದೆ ಮೈಯೆಲ್ಲ ಊದಿದ್ದರೆ, ಉಸಿರು ಕಟ್ಟಿದ್ದರೆ ಮುಚ್ಚಿಡಬೇಡಿ. ಅವುಗಳ ವಿಷದಲ್ಲೂ ಇದೇ ಜಾತಿಯ ಕಿಣ್ವವಿದ್ದು, ಅಲರ್ಜಿ ಮರುಕಳಿಸಬಹುದು. ತುರ್ತಿಲ್ಲದಿದ್ದರೆ ಮುಂಗೈಯಲ್ಲಿ ಮೊದಲು ಪರೀಕ್ಷೆ ಮಾಡಿ, ಅರ್ಧ ಗಂಟೆ ಕಾದು ಮುಂದುವರಿಯುವುದು ಸುರಕ್ಷಿತ. ರಕ್ತನಾಳ ಕಟ್ಟಿಕೊಂಡಾಗ ಪರೀಕ್ಷೆಗೆ ಕಾಯುವುದಿಲ್ಲ. ಹೆಚ್ಚಿನ ಪ್ರಮಾಣವನ್ನು ಗಂಟೆಗೊಮ್ಮೆ ಮತ್ತೆ ಮತ್ತೆ ಕೊಡುತ್ತಾರೆ.

6. ಕರಗದ ಫಿಲ್ಲರ್, ತಡವಾಗಿ ಬಂದ ಗಂಟು

ರೇಡಿಯೆಸ್, ಸ್ಕಲ್ಪ್‌ಟ್ರಾದಂಥವು ಕಿಣ್ವಕ್ಕೆ ಕರಗದಿದ್ದರೂ ತಿಂಗಳುಗಟ್ಟಲೆ, ಹಲವೊಮ್ಮೆ ವರ್ಷ ದಾಟಿ ತಾವಾಗಿಯೇ ನಿಧಾನಕ್ಕೆ ಕರಗುತ್ತವೆ. ಗಂಟು ಕಾಡುತ್ತಿದ್ದರೆ ಸ್ಟಿರಾಯ್ಡ್ ಇಂಜೆಕ್ಷನ್ ಅಥವಾ ಅದರೊಂದಿಗೆ 5-ಫ್ಲೂರೋಯುರಾಸಿಲ್ ಕೊಡುವುದುಂಟು. ಸಿಲಿಕೋನ್ ಗಂಟಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಕಲೆ ಉಳಿಯುವ ಸಾಧ್ಯತೆಯನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ತಿಂಗಳುಗಳ ನಂತರ ದಿಢೀರನೆ ಕೆಂಪಾಗಿ, ಬಿಸಿಯಾಗಿ, ನೋಯುವ ಗಂಟು ಎದ್ದರೆ ಸೋಂಕಿರಬಹುದು. ಹಲ್ಲಿನ ಚಿಕಿತ್ಸೆ, ಜ್ವರ ಇದಕ್ಕೆ ನೆಪವಾಗುವುದುಂಟು. ಇಲ್ಲಿ ಮೊದಲು ಆ್ಯಂಟಿಬಯಾಟಿಕ್, ಆಮೇಲೆ ಕರಗಿಸುವುದು. ಸೋಂಕಿರುವ ಜಾಗಕ್ಕೆ ನೇರ ಕಿಣ್ವ ಹಾಕಿದರೆ ಸೋಂಕು ಸುತ್ತಲೂ ಹರಡಬಹುದು.

7. ಮತ್ತೆ ಹಾಕಿಸುವ ಮುನ್ನ

ಕರಗಿಸಿದ ಮೇಲೆ ಕನಿಷ್ಠ ಎರಡು ವಾರ ಬಿಡಿ. ಮುಖ ಬರಿದಾದಂತೆ, ಮೊದಲಿಗಿಂತ ಸೊರಗಿದಂತೆ ಕಾಣಬಹುದು. ಇಷ್ಟು ದಿನ ತುಂಬಿಕೊಂಡಿದ್ದ ರೂಪಕ್ಕೆ ಕಣ್ಣು ಒಗ್ಗಿರುವುದೂ ಇದಕ್ಕೆ ಒಂದು ಕಾರಣ. ಆ ದಿನಗಳಲ್ಲಿ ಹೊಸ ನಿರ್ಧಾರ ಬೇಡ. ಮತ್ತೆ ಹಾಕಿಸುವುದಾದರೆ ಸ್ವಲ್ಪ ಸ್ವಲ್ಪವಾಗಿ ಹಾಕಿಸಿ. ಡಬ್ಬಿಯನ್ನು ನಿಮ್ಮ ಕಣ್ಣೆದುರೇ ತೆರೆಯಲು ಹೇಳಿ, ಸ್ಟಿಕ್ಕರ್ ಪಡೆಯಿರಿ. ಹಯಲುರೋನಿಡೇಸ್ ಆ ಹೊತ್ತಿಗೆ ಕ್ಲಿನಿಕ್ಕಿನಲ್ಲಿ ಸಿದ್ಧವಿದೆಯೇ ಎಂದು ಕೇಳಿ. ಇಲ್ಲವೆಂದರೆ ಎದ್ದು ಬನ್ನಿ.

ಆನ್‌ಲೈನ್‌ನಲ್ಲಿ ಸಿಗುವ ಸೂಜಿಯಿಲ್ಲದ ‘ಹಯಲುರಾನ್ ಪೆನ್’ ಬಳಸಬೇಡಿ ಎಂದು ಅಮೆರಿಕದ ಎಫ್‌ಡಿಎ 2021ರಲ್ಲೇ ಎಚ್ಚರಿಸಿದೆ. ಕರಗಿಸುವ ಕಿಣ್ವವನ್ನು ತರಿಸಿ ಮನೆಯಲ್ಲಿ ಚುಚ್ಚಿಕೊಳ್ಳುವುದು ಅದಕ್ಕಿಂತ ಅಪಾಯ. ಫಿಲ್ಲರ್ ಹಾಕಿಸಿಕೊಂಡ ವಿಷಯ ಮನೆಯವರಿಗೆ ತಿಳಿದೀತೆಂಬ ಸಂಕೋಚದಿಂದ ಆಸ್ಪತ್ರೆಗೆ ತಡಮಾಡಬೇಡಿ. ನೋವು ಏರುತ್ತಿದ್ದರೆ ಮೊದಲು ಹೊರಡಿ, ವಿವರಣೆ ಆಮೇಲೂ ಕೊಡಬಹುದು.